ಜಾಂಬೋಟಿ ದಾರಿಯ ಮಳೆಯಲ್ಲಿ ಹೆಲ್ಮೆಟ್ ಗ್ಲಾಸು, ಚಸ್ಮಾ ಮಂಜಾಗದಂತೆ ನಾನು ಏನೇನು ಮಾಡುತ್ತೇನೆ

ಬೆಳಗಾವಿಯಿಂದ ಜಾಂಬೋಟಿಗೆ ಹೋಗುವಾಗ ಕಿಣಯೆ ಊರು ದಾಟಿ ಸ್ವಲ್ಪ ಮುಂದೆ ಹೋದರೆ ರಸ್ತೆಯ ಎಡಕ್ಕೆ ತಗ್ಗಿನಲ್ಲೊಂದು ಭತ್ತದ ಗದ್ದೆ ಇದೆ. ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಸ್ಕೂಟರ್ ಸಮೇತ ಆ ಗದ್ದೆಯ ಬದುವಿಗೆ ಇಳಿದಿದ್ದೆ. ವೇಗ ಬಹಳ ಇರಲಿಲ್ಲ, 30ರ ಆಸುಪಾಸು. ಮುಂದೆ ಎಮ್ಮೆಗಳು ರಸ್ತೆ ದಾಟುತ್ತಿದ್ದವು ಅಂತ ಬ್ರೇಕ್ ಹಿಡಿದೆ. ಗಾಡಿ ನಿಧಾನವಾದದ್ದೇ ತಡ, ಹೆಲ್ಮೆಟ್ಟಿನ ಗ್ಲಾಸು ಹಾಲು ಸವರಿದಂಗೆ ಬೆಳ್ಳಗಾಯಿತು. ಎಡಗೈಯಿಂದ ಗ್ಲಾಸು ಮೇಲೆತ್ತಿದೆ. ಎತ್ತಿದ ಮೇಲೂ ಅಷ್ಟೇ ಬೆಳ್ಳಗೆ. ಒಳಗೆ ಚಸ್ಮಾಕ್ಕೂ ಮಂಜು ಹಿಡಿದಿತ್ತು ಅನ್ನುವುದು ಆಗ ಗೊತ್ತಾಯಿತು. ಅದರ ಮೇಲೆ ಮಳೆ ಹನಿ ಬಡಿಯತೊಡಗಿತು. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಚಸ್ಮಾದ ಮೇಲೆ; ಮುಂದಿನ ಗಾಲಿ ಡಾಂಬರು ಬಿಟ್ಟು ಕೆಸರಿಗೆ ಹೋಗಿದ್ದು ಕಾಣಲಿಲ್ಲ, ಮೈಗೆ ಗೊತ್ತಾಯಿತು.

ಕಂಬಳಿ ಕೊಪ್ಪೆ ಹಾಕಿಕೊಂಡಿದ್ದ ಹಿರಿಯರೊಬ್ಬರು ಓಡಿ ಬಂದು ಗಾಡಿ ಎತ್ತಿದರು. "ಪೆಟ್ಟ ಭಾಳ ಹತ್ತೇತೇನ್ರಿ ಅಕ್ಕಾರ? ಕಣ್ಣ ಕಾಣಲಿಲ್ಲಂದ್ರ ನಿಂದರಬೇಕಲ್ರಿ ಯವ್ವಾ" ಅಂದರು. ಮೊಣಕಾಲು ತರಚಿತ್ತು, ಬ್ರೇಕ್ ಲಿವರ್ ಡೊಂಕಾಗಿತ್ತು, ಅಷ್ಟೇ. ಎದುರಿನಿಂದ ಗೋವಾ ಕಡೆಯ ಲಾರಿ ಬಂದಿರಲಿಲ್ಲ ಅನ್ನುವುದು ನನ್ನ ಪುಣ್ಯ. ಅವತ್ತಿನಿಂದ ಈ ಮಂಜಿನ ವಿಷಯವನ್ನು ಸಣ್ಣದು ಅಂತ ನಾನು ತಿಳಿದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಗ್ಲಾಸು ಒರೆಸಲು ಮೂರು ಸೆಕೆಂಡ್ ಹಿಡಿದರೆ 33 ಮೀಟರ್ ಕುರುಡು ಸವಾರಿ.

ನಾನು ಸ್ಟಾಫ್ ನರ್ಸು. ಟಿಳಕವಾಡಿಯಲ್ಲಿ ಮನೆ, ಡ್ಯೂಟಿ ಜಾಂಬೋಟಿ ಕಡೆ. ಉದ್ಯಮಬಾಗ, ಪೀರನವಾಡಿ, ಅಲ್ಲಿಂದ ಬಲಕ್ಕೆ ಹೊರಳಿ ಕಿಣಯೆ ಮೇಲೆ ದಿನಾ ಹೋಗಿ ಬರುತ್ತೇನೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ದಾರಿ ಇದೇ. ಬೆಳಗಾವಿ ಊರಲ್ಲಿ ಜಿಟಿಜಿಟಿ ಇದ್ದರೆ ಇಲ್ಲಿ ಕೊಡ ಮಗುಚಿದಂಗೆ ಸುರಿಯುತ್ತಿರುತ್ತದೆ. ನನ್ನ ಚಸ್ಮಾದ ನಂಬರು ಮೈನಸ್ ನಾಲ್ಕೂವರೆ. ಅದನ್ನು ತೆಗೆದರೆ ಹತ್ತು ಹೆಜ್ಜೆ ಆಚೆಯ ಮನುಷ್ಯನ ಗುರುತು ಹತ್ತುವುದಿಲ್ಲ. ಹಾಗಾಗಿ "ಗ್ಲಾಸ್ ಮ್ಯಾಲೆತ್ತಿ ಹೊಡೀರಿ, ಏನೂ ಆಗೂದಿಲ್ಲ" ಅನ್ನುವ ಸಲಹೆ ನನ್ನಂಥವರಿಗೆ ಪ್ರಯೋಜನವಿಲ್ಲ. ನಮಗೆ ಇರುವುದು ಒಂದು ಗ್ಲಾಸಲ್ಲ, ಒಂದರ ಹಿಂದೆ ಒಂದು ಎರಡು. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು. ಚಸ್ಮಾ ಇಲ್ಲದವರು ಆ ಭಾಗ ಬಿಟ್ಟು ಓದಿಕೊಂಡರೂ ಉಳಿದದ್ದು ಉಪಯೋಗಕ್ಕೆ ಬರುತ್ತದೆ.

ಮಂಜು ಎಲ್ಲಿಂದ ಬರುತ್ತದೆ

ಮಳೆಯಿಂದ ಅಲ್ಲ, ನಮ್ಮ ಉಸಿರಿನಿಂದ. ಹೊರಗೆ ಬಿಡುವ ಉಸಿರು ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ, ತೇವದಿಂದ ತುಂಬಿರುತ್ತದೆ. ಆ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರನ್ನು ಆವಿಯಾಗಿ ಹಿಡಿದುಕೊಳ್ಳಬಲ್ಲದು. ಅದೇ ಗಾಳಿ ಮಳೆಗೆ ತಣ್ಣಗಾದ 20 ಡಿಗ್ರಿಯ ಗ್ಲಾಸಿಗೆ ತಾಗಿತು ಅನ್ನಿ, ಅಲ್ಲಿ ಅದು ಹಿಡಿದುಕೊಳ್ಳಬಲ್ಲದ್ದು 17 ಗ್ರಾಂ ಮಾತ್ರ. ಮಿಕ್ಕ ನೀರು ಗ್ಲಾಸಿನ ಒಳಮೈ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂಡುತ್ತದೆ. ಕಣ್ಣಿಗೆ ಒಂದೊಂದೇ ಕಾಣದಷ್ಟು ಸಣ್ಣ ಆ ಹನಿಗಳು ಬೆಳಕನ್ನು ಚದುರಿಸುವುದರಿಂದಲೇ ಬೆಳ್ಳಗೆ ಕಾಣುವುದು.

ಇದು ನನಗೆ ಆಪರೇಷನ್ ಥಿಯೇಟರಿನಲ್ಲಿದ್ದಾಗಿನಿಂದಲೂ ಗೊತ್ತಿದ್ದದ್ದು. ಜನ ದುರ್ಬೀನ್ ಆಪರೇಷನ್ ಅನ್ನುತ್ತಾರಲ್ಲ, ಅದರ ಕ್ಯಾಮೆರಾ ಕೊಳವೆಯನ್ನು ಹೊಟ್ಟೆಯೊಳಗೆ ಬಿಡುವ ಮುಂಚೆ ಬೆಚ್ಚಗಿನ ಸಲೈನಿನಲ್ಲಿ ಅದ್ದಿ ಇಡುತ್ತಿದ್ದೆವು. ತಣ್ಣಗಿನ ಲೆನ್ಸು ಬೆಚ್ಚಗಿನ ಹೊಟ್ಟೆಯೊಳಗೆ ಹೋದರೆ ತಕ್ಷಣ ಮಂಜು ಹಿಡಿದು ಡಾಕ್ಟರಿಗೆ ಏನೂ ಕಾಣುವುದಿಲ್ಲ. ಬೆಚ್ಚಗೆ ಮಾಡಿದರೆ ಹಿಡಿಯುವುದಿಲ್ಲ. ಎಷ್ಟೋ ವರ್ಷ ಆ ಕೆಲಸ ಮಾಡಿದವಳಿಗೆ ಅದೇ ಲೆಕ್ಕ ನನ್ನ ಮೂಗಿನ ಮೇಲಿನ ಚಸ್ಮಾಕ್ಕೂ ಅನ್ವಯಿಸುತ್ತದೆ ಅಂತ ಹೊಳೆದದ್ದು ಗದ್ದೆಗೆ ಬಿದ್ದ ಮೇಲೆ.

ದಾರಿ ಇರುವುದು ಮೂರೇ. ಉಸಿರು ಗ್ಲಾಸಿನ ಕಡೆ ಹೋಗದಂತೆ ತಿರುಗಿಸುವುದು. ನೀರು ಹನಿಗಟ್ಟದೆ ತೆಳ್ಳಗೆ ಹರಡುವಂತೆ ಮಾಡುವುದು. ಒಳಗಿನ ಗ್ಲಾಸು ತಣ್ಣಗಾಗದಂತೆ ನೋಡಿಕೊಳ್ಳುವುದು. ಬಹಳ ಜನ ಎರಡನೆಯದಕ್ಕೇ ಜೋತುಬಿದ್ದು ಸ್ಪ್ರೇ ಮೇಲೆ ಸ್ಪ್ರೇ ಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯದಕ್ಕೇ ಅರ್ಧಕ್ಕಿಂತ ಹೆಚ್ಚು ತೊಂದರೆ ತಪ್ಪುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಮೊದಲು ಸ್ಕಾರ್ಫ್ ಬಿಚ್ಚಿ

ನಮ್ಮ ಕಡೆ ಸ್ಕೂಟಿ ಹೊಡೆಯುವ ಹೆಣ್ಣುಮಕ್ಕಳು ಮುಖದ ತುಂಬ ಸ್ಕಾರ್ಫ್ ಸುತ್ತಿ, ಕಣ್ಣಷ್ಟೇ ಕಾಣುವಂತೆ ಬಿಟ್ಟು, ಮೇಲೆ ಹೆಲ್ಮೆಟ್ ಹಾಕುತ್ತೇವೆ. ಬೇಸಿಗೆಯ ಧೂಳಿಗೆ ಅದು ಸರಿ. ಮಳೆಗಾಲದಲ್ಲಿ ಅದೇ ದೊಡ್ಡ ತಪ್ಪು. ಮೂಗಿನ ಮೇಲೆ ಬಿಗಿಯಾಗಿ ಬಟ್ಟೆ ಇದ್ದಾಗ ಉಸಿರು ಮುಂದಕ್ಕೆ ಹೋಗಲಾರದೆ, ಮೂಗಿನ ಎರಡೂ ಪಕ್ಕದ ಸಂದಿಯಿಂದ ಮೇಲಕ್ಕೆ ನುಗ್ಗಿ ನೇರ ಚಸ್ಮಾಕ್ಕೆ ಬಡಿಯುತ್ತದೆ. ಬಟ್ಟೆ ಒದ್ದೆಯಾದ ಮೇಲಂತೂ ಉಸಿರು ಅದರೊಳಗಿಂದ ಹಾಯುವುದೇ ಇಲ್ಲ, ಎಲ್ಲಾ ಮೇಲಕ್ಕೇ. ಜೂನ್ ಬಂತೆಂದರೆ ನಾನು ಸ್ಕಾರ್ಫನ್ನು ಕುತ್ತಿಗೆಗೆ ಮಾತ್ರ ಸುತ್ತುತ್ತೇನೆ. ಮೂಗು ಮುಚ್ಚಲೇಬೇಕು ಅನ್ನುವವರು ತೆಳು ಕಾಟನ್ ಬಟ್ಟೆಯನ್ನು ಮೂಗಿನ ತುದಿಗಷ್ಟೇ ಬರುವಂತೆ, ಕೆಳಗಡೆ ಸಡಿಲ ಬಿಟ್ಟು ಕಟ್ಟಿ.

ಮಾಸ್ಕ್ ಹಾಕುವವರಿಗೆ ಕೊರೋನಾ ಕಾಲದಲ್ಲಿ ನಾವು ವಾರ್ಡಿನಲ್ಲಿ ಮಾಡಿದ ಉಪಾಯ ಹೇಳುತ್ತೇನೆ. ಮಾಸ್ಕಿನ ಮೇಲಂಚನ್ನು ಮೂಗಿನ ದಿಣ್ಣೆಗೆ ಮೈಕ್ರೋಪೋರ್ ಟೇಪಿನಿಂದ ಅಂಟಿಸುವುದು. ಮೆಡಿಕಲ್ ಅಂಗಡಿಯಲ್ಲಿ ಅರ್ಧ ಇಂಚಿನ ಸುರುಳಿ ಸಿಗುತ್ತದೆ. ಕೈಬೆರಳಷ್ಟು ಉದ್ದದ ತುಂಡು ಹರಿದು, ಅರ್ಧ ಮಾಸ್ಕಿನ ಮೇಲೆ, ಅರ್ಧ ಚರ್ಮದ ಮೇಲೆ ಬರುವಂತೆ ಮೊದಲು ಮೂಗಿನ ನಡುವೆ ಒತ್ತಿ, ಆಮೇಲೆ ಎರಡೂ ಕೆನ್ನೆಯ ಕಡೆ ಒತ್ತುತ್ತಾ ಹೋಗಬೇಕು. ಮುಖ ಒಣಗಿರಬೇಕು, ಪೌಡರು ಕ್ರೀಮು ಇರಬಾರದು. ಎಂಟು ತಾಸಿನ ಡ್ಯೂಟಿ ಪೂರ್ತಿ ಗಾಗಲ್ಸ್ ಒಳಗೆ ಕಣ್ಣು ಕಾಣುತ್ತಿದ್ದದ್ದು ಈ ಒಂದು ತುಂಡು ಟೇಪಿನಿಂದ.

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇದ್ದರೆ ಒಳಗೆ ಮೂಗಿನ ಎದುರಿಗೆ ಒಂದು ಕಪ್ಪು ರಬ್ಬರಿನ ತಡೆ ಇರುತ್ತದೆ, ಬ್ರೆತ್ ಗಾರ್ಡ್ ಅನ್ನುತ್ತಾರೆ. ಕೆಲವು ಹೆಲ್ಮೆಟ್ ಜೊತೆ ಅದು ಬೇರೆಯಾಗಿ ಪೊಟ್ಟಣದಲ್ಲಿ ಬಂದಿರುತ್ತದೆ, ನಾವು ಡಬ್ಬಿಯಲ್ಲೇ ಮರೆತಿರುತ್ತೇವೆ. ನನ್ನದು ಒಂದೂವರೆ ವರ್ಷ ಹಾಗೇ ಅಟ್ಟದ ಮೇಲೆ ಬಿದ್ದಿತ್ತು. ತೆಗೆದು ಹಾಕಿಕೊಳ್ಳಿ. ಅದರ ಅಂಚು ಮೂಗಿಗೆ ಹಗುರವಾಗಿ ತಾಗುವಂತಿರಬೇಕು. ನಡುವೆ ಬೆರಳು ಹೋಗುವಷ್ಟು ಸಂದಿ ಇದ್ದರೆ ಇದ್ದೂ ಇಲ್ಲದಂತೆ. ಗದ್ದದ ಕೆಳಗಿನ ಬಟ್ಟೆಯ ಪರದೆ ಇದಕ್ಕೆ ತಿರುಗಾಮುರುಗಾ. ಅದು ಚಳಿಗಾಳಿ ತಡೆಯುತ್ತದೆ, ಉಸಿರನ್ನೂ ಒಳಗೇ ಕೂಡಿಹಾಕುತ್ತದೆ. ಮಳೆಗಾಲದಲ್ಲಿ ಬಿಚ್ಚಿಡುವುದೇ ಒಳ್ಳೆಯದು.

ರೇನ್‌ಕೋಟಿನ ಬಗ್ಗೆ ಯಾರೂ ಹೇಳುವುದಿಲ್ಲ. ಗಾಳಿಯಾಡದ ರೇನ್‌ಕೋಟನ್ನು ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡಾಗ ಮೈಯ ಬಿಸಿ, ಬೆವರಿನ ಆವಿ ಎಲ್ಲಾ ಕಾಲರಿನಿಂದ ಮೇಲೆದ್ದು ಹೆಲ್ಮೆಟ್ ಒಳಗೆ ಸೇರುತ್ತದೆ. ಕುತ್ತಿಗೆಗೆ ಒಣ ಟವೆಲ್ ಸುತ್ತಿಕೊಂಡರೆ ಆ ದಾರಿ ಮುಚ್ಚುತ್ತದೆ. ನನ್ನ ಸ್ಕಾರ್ಫ್ ಈಗ ಮಾಡುತ್ತಿರುವ ಕೆಲಸ ಅದೇ.

ಇನ್ನು ಉಸಿರು ಬಿಡುವ ರೀತಿ. ಏರು ಹತ್ತುವಾಗ, ರೈಲ್ವೆ ಗೇಟಿನ ಮುಂದೆ ನಿಂತಾಗ, ಮೇಲಿನ ತುಟಿಯನ್ನು ಸ್ವಲ್ಪ ಮುಂದೆ ತಂದು ಬಾಯಿಂದ ಕೆಳಗೆ, ಎದೆಯ ಕಡೆಗೆ ಊದಿ. ಎರಡು ದಿನ ವಿಚಿತ್ರ ಅನ್ನಿಸುತ್ತದೆ, ಮೂರನೆಯ ದಿನ ತಾನಾಗಿಯೇ ಬರುತ್ತದೆ.

ಚಸ್ಮಾ: ಸೋಪು, ನೀರು, ತಾಳ್ಮೆ

ಸೋಪಿನ ಕೆಲಸ ಏನೆಂದರೆ ನೀರಿನ ಬಿಗಿ ಸಡಿಲಿಸುವುದು. ಸೋಪಿನ ತೆಳು ಪದರ ಇದ್ದ ಕಡೆ ನೀರು ಗುಂಡಗೆ ಹನಿಗಟ್ಟುವುದಿಲ್ಲ, ಹಾಳೆಯಂತೆ ಹರಡಿಕೊಳ್ಳುತ್ತದೆ. ನೀರು ಅಲ್ಲೇ ಇರುತ್ತದೆ, ಆದರೆ ಅದರ ಮೂಲಕ ಕಾಣುತ್ತದೆ. ಇದನ್ನು ಮಾಡುವ ರೀತಿಯಲ್ಲೇ ಬಹಳ ಜನ ಎಡವುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ನಳದ ನೀರಿನ ಕೆಳಗೆ ಚಸ್ಮಾ ಹಿಡಿದು ಧೂಳು ಹೋಗುವಂತೆ ತೊಳೆಯಿರಿ. ಒಣಗಿದ್ದಾಗ ಸೆರಗಿನಿಂದ, ಓಢಣಿಯಿಂದ ಉಜ್ಜಿದರೆ ಧೂಳಿನ ಕಣವೇ ಮರಳಕಾಗದದ ಕೆಲಸ ಮಾಡಿ ಗೀರು ಬೀಳುತ್ತದೆ. ಬಿಸಿನೀರು ಬೇಡ, ಲೆನ್ಸಿನ ಮೇಲೆ ಹೊಳಪು ತಡೆಯುವ ಲೇಪ ಇರುತ್ತದೆ, ಬಿಸಿಗೆ ಅದು ಬಿರುಕು ಬಿಡುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡೋ, ಮಕ್ಕಳ ಶಾಂಪೂವೋ, ಒಂದೇ ಒಂದು ಹನಿ ಬೆರಳಿನ ತುದಿಗೆ ಹಾಕಿಕೊಳ್ಳಿ. ಜೋಳದ ಕಾಳಿನಷ್ಟು ಸಾಕು, ಎರಡೂ ಲೆನ್ಸಿಗೆ, ಎರಡೂ ಮೈಗೆ ಸೇರಿ. ಹೆಬ್ಬೆರಳು ತೋರುಬೆರಳ ನಡುವೆ ಲೆನ್ಸು ಹಿಡಿದು ಮೆಲ್ಲಗೆ ಸುತ್ತಾಡಿಸಿ. ಮೂಗಿನ ಬಳಿಯ ಸಿಲಿಕಾನ್ ಗುಂಡಿಯ ಸುತ್ತ, ಫ್ರೇಮಿನ ಅಂಚಿನಲ್ಲಿ ಮುಖದ ಎಣ್ಣೆ ಕೂತಿರುತ್ತದೆ, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು. ಮಂಜು ಮೊದಲು ಹಿಡಿಯುವುದೇ ಆ ಮೂಲೆಯಿಂದ.

ಈಗ ಮುಖ್ಯ ಮಾತು. ನೊರೆಯನ್ನು ನಳ ಬಿಟ್ಟು ಪೂರ್ತಿ ತೊಳೆದುಬಿಡಬೇಡಿ. ಒಂದು ಲೋಟ ನೀರಿನಲ್ಲಿ ಒಮ್ಮೆ ಅದ್ದಿ ಎತ್ತಿ, ಸಾಕು. ಲೆನ್ಸಿನ ಮೇಲೆ ನೀರು ಹನಿಯಾಗದೆ ನುಣುಪಾದ ಹಾಳೆಯಂತೆ ಇಳಿಯಬೇಕು. ಝಾಡಿಸಿ, ಮಡಚುವ ಕಾಲು ಕೆಳಗೆ ಮಾಡಿ, ತನ್ನಷ್ಟಕ್ಕೆ ಒಣಗಲು ಬಿಡಿ. ಒಣಗಿದ ಮೇಲೆ ತೆಳು ಮಸುಕು ಕಾಣಿಸಿದರೆ, ಚಸ್ಮಾ ಅಂಗಡಿಯವರು ಕೊಡುವ ಮೆತ್ತನೆ ಬಟ್ಟೆಯಿಂದ ಹಗುರವಾಗಿ ಎರಡು ಸಲ ಸವರಿ. ಒತ್ತಿ ಉಜ್ಜಿದರೆ ಮಾಡಿದ್ದೆಲ್ಲಾ ಹೋಯಿತು. ಬಟ್ಟೆ ಇಲ್ಲದಿದ್ದರೆ ಹತ್ತು ಸಲ ಒಗೆದು ಮೆತ್ತಗಾದ ಕಾಟನ್ ಧೋತರದ ತುಂಡು ಆಗುತ್ತದೆ. ನಮ್ಮ ಮಾವನವರ ಹಳೆ ಧೋತರ ಹರಿದು ಅತ್ತೆ ನನಗೆ ಆರು ತುಂಡು ಅಂಚು ಹೊಲಿದು ಕೊಟ್ಟಿದ್ದಾರೆ. ಆಸ್ಪತ್ರೆಯ ಗಾಜ್ ಬಟ್ಟೆ ಮಾತ್ರ ಬೇಡ, ಅದು ಒರಟು.

ಈ ಪದರ ಮಳೆಯ ದಿನ ಒಂದು ಸವಾರಿಗೆ ಗಟ್ಟಿ, ಎರಡನೆಯದಕ್ಕೆ ಸಂಶಯ. ಹಾಗಾಗಿ ಮನೆ ಬಿಡುವ ಮುಂಚೆ ಒಮ್ಮೆ, ಸಂಜೆ ಡ್ಯೂಟಿ ಮುಗಿದ ಮೇಲೆ ಸಿಂಕಿನ ಹತ್ತಿರ ಒಮ್ಮೆ ಮಾಡುತ್ತೇನೆ. ಹೊಸ ಲೆನ್ಸು ಹಾಕಿಸುವಾಗ ಮಂಜು ತಡೆಯುವ ಲೇಪದ್ದೇ ಕೇಳಿ ಹಾಕಿಸಬಹುದು. ಅವುಗಳಲ್ಲಿ ಕೆಲವಕ್ಕೆ ಜೊತೆಗೆ ಕೊಡುವ ವಿಶೇಷ ಬಟ್ಟೆಯಿಂದ ಆಗಾಗ ಒರೆಸಿದರೆ ಮಾತ್ರ ಗುಣ ಉಳಿಯುತ್ತದೆ, ಅದನ್ನು ಅಂಗಡಿಯಲ್ಲೇ ಸರಿಯಾಗಿ ತಿಳಿದುಕೊಳ್ಳಿ. ಹಾಗೆಯೇ ಮೂಗಿನ ಗುಂಡಿಗಳನ್ನು ಕೂದಲೆಳೆಯಷ್ಟು ಒಳಕ್ಕೆ ಬಾಗಿಸಿ ಕೊಡಲು ಹೇಳಿ. ಚಸ್ಮಾ ಮುಖದಿಂದ ಸ್ವಲ್ಪ ಮುಂದೆ ಕೂತರೆ ಹಿಂದಿನಿಂದ ಗಾಳಿ ಆಡುತ್ತದೆ. ಖಡೇಬಝಾರದ ಅಂಗಡಿಯಲ್ಲಿ ನನಗೆ ಎರಡೇ ನಿಮಿಷದಲ್ಲಿ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಬೆಚ್ಚಗಿನ ಸಲೈನಿನ ಪಾಠವನ್ನು ಇಲ್ಲಿ ಹೀಗೆ ಬಳಸುತ್ತೇನೆ. ಹೆಲ್ಮೆಟ್ ಹಾಕಲು ಚಸ್ಮಾ ತೆಗೆಯಲೇಬೇಕಲ್ಲ. ಆಗ ಅದನ್ನು ಗಾಡಿಯ ಸೀಟಿನ ಮೇಲೆ ಇಡುವುದಿಲ್ಲ. ರೇನ್‌ಕೋಟಿನೊಳಗೆ, ಎದೆಯ ಹತ್ತಿರದ ಕಿಸೆಯಲ್ಲಿ ಐದು ನಿಮಿಷ ಮುಂಚೆಯೇ ಇಟ್ಟಿರುತ್ತೇನೆ. ಮೈಯ ಬಿಸಿಗೆ ಬೆಚ್ಚಗಾದ ಚಸ್ಮಾವನ್ನು ಕೊನೆಗೆ ಹೆಲ್ಮೆಟ್ಟಿನೊಳಗೆ ಜಾರಿಸಿ ಹೊರಟರೆ ಮೊದಲ ಹತ್ತು ನಿಮಿಷದ ತೊಂದರೆ ಇರುವುದಿಲ್ಲ. ಅಷ್ಟರಲ್ಲಿ ಊರು ದಾಟಿ ಗಾಳಿ ಆಡತೊಡಗಿರುತ್ತದೆ.

ಹೆಲ್ಮೆಟ್ ಗ್ಲಾಸು

ಇದನ್ನು ರಾತ್ರಿಯೇ ಮಾಡಿಡಬೇಕು, ಬೆಳಗಿನ ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ. ಗ್ಲಾಸನ್ನು ಹೆಲ್ಮೆಟ್ಟಿನಿಂದ ಬಿಚ್ಚಿ. ಕೆಲವಕ್ಕೆ ಪಕ್ಕದಲ್ಲಿ ಒತ್ತುವ ಕಿವಿ ಇರುತ್ತದೆ, ಕೆಲವಕ್ಕೆ ಸ್ಕ್ರೂ. ಮೊದಲ ಸಲ ಅಂಗಡಿಯವರಿಂದ ಮಾಡಿಸಿ ನೋಡಿಕೊಳ್ಳಿ. ಹೊರಮೈಗೆ ಅಂಟಿದ ಹುಳ, ಕೆಸರಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟರೆ ತಾವಾಗಿ ಬಿಡುತ್ತವೆ. ಉಗುರಿನಿಂದ ಕೆರೆಯಬೇಡಿ. ಆಮೇಲೆ ಒಳಮೈಗೆ ಮಾತ್ರ ಚಸ್ಮಾಕ್ಕೆ ಮಾಡಿದಂತೆಯೇ ಸೋಪಿನ ಪದರ ಹಚ್ಚಿ ಒಣಗಿಸಿ. ಹೊರಮೈಗೆ ಸೋಪು ಉಳಿಯಬಾರದು. ಮಳೆ ಬಿದ್ದಾಗ ನೊರೆ ಎದ್ದು ಎದುರಿನ ಹೆಡ್‌ಲೈಟ್ ಬೆಳಕು ಗ್ಲಾಸಿನ ತುಂಬ ಹರಡುತ್ತದೆ. ಒಳಗೆ ನೀರು ಹರಡಬೇಕು, ಹೊರಗೆ ನೀರು ಜಾರಿ ಹೋಗಬೇಕು, ಎರಡರ ಧರ್ಮವೇ ಬೇರೆ. ಹೊರಗಿನ ಹನಿಗೆ ನಾನು ಏನನ್ನೂ ಹಚ್ಚುವುದಿಲ್ಲ. ಗ್ಲಾಸು ಶುಚಿಯಾಗಿದ್ದು ಗಾಡಿ ಓಡುತ್ತಿದ್ದರೆ, ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿಸಿದಾಗ ಗಾಳಿಯೇ ಹನಿಗಳನ್ನು ಅಂಚಿಗೆ ದಬ್ಬುತ್ತದೆ.

ಮನೆಮದ್ದು ಬಹಳ ಇವೆ. ಶೇವಿಂಗ್ ಫೋಮ್ ಕೆಲಸ ಮಾಡುತ್ತದೆ, ಯಾಕೆಂದರೆ ಅದರೊಳಗೂ ಸೋಪೇ ಇರುವುದು. ತೆಳ್ಳಗೆ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಆಯಿತು. ಆಲೂಗಡ್ಡೆ ಹೋಳು ಉಜ್ಜುವುದನ್ನೂ ನೋಡಿದ್ದೇನೆ. ಒಂದು ದಿನಕ್ಕೆ ಪರವಾಗಿಲ್ಲ, ಆಮೇಲೆ ಅಂಟಂಟು. ಟೂತ್‌ಪೇಸ್ಟ್ ಮಾತ್ರ ಖಂಡಿತ ಬೇಡ. ಅದರಲ್ಲಿ ಹಲ್ಲು ತಿಕ್ಕುವ ಪುಡಿ ಇರುತ್ತದೆ, ಗ್ಲಾಸಿನ ಮೇಲೆ ಸಾವಿರ ಸಣ್ಣ ಗೀರು ಎಳೆಯುತ್ತದೆ. ಹಗಲು ಕಾಣುವುದಿಲ್ಲ, ರಾತ್ರಿ ಎದುರಿನ ದೀಪಕ್ಕೆ ಒಂದೊಂದು ಗೀರೂ ಹೊಳೆಯುತ್ತದೆ.

ಸ್ಪಿರಿಟ್ ವಿಷಯದಲ್ಲಿ ನಾನೇ ಕೆಟ್ಟವಳು. ನಮ್ಮ ಕೈಗೆ ಸದಾ ಸಿಗುವುದು ಅದೇ. ಒಂದು ಮಳೆಗಾಲ ಪೂರ್ತಿ, ಸ್ಯಾನಿಟೈಸರ್ ಹಾಕಿದ ಹತ್ತಿಯಿಂದ ಹೆಲ್ಮೆಟ್ ಗ್ಲಾಸು ಒರೆಸಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು, ನನಗೆ ಖುಷಿ. ದೀಪಾವಳಿಯ ಹೊತ್ತಿಗೆ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಪಕ್ಕದ ಸ್ಕ್ರೂ ತೂತಿನಿಂದ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಹೊರಟಿದ್ದವು, ಮೇಲಿನ ಲೇಪ ಅಲ್ಲಲ್ಲಿ ಪೊರೆ ಬಿಟ್ಟಿತ್ತು. ಹೆಲ್ಮೆಟ್ ಗ್ಲಾಸು ಅನ್ನುತ್ತೇವೆ, ಆದರೆ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಸ್ಪಿರಿಟ್, ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಕಿಟಕಿ ಗಾಜಿನ ಸ್ಪ್ರೇ, ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಬಿರುಕು ಬಿಟ್ಟ ಗ್ಲಾಸು ಕಲ್ಲು ಬಡಿದಾಗ ಕಣ್ಣು ಕಾಯುವುದಿಲ್ಲ. ಅದನ್ನು ಎಸೆದು ಹೊಸದು ಹಾಕಿಸಿದೆ. ಅಂಗಡಿಯ ಮಂಜು ತಡೆಯುವ ಸ್ಪ್ರೇ ಕೊಳ್ಳುವುದಾದರೂ ಹೆಲ್ಮೆಟ್ ಗ್ಲಾಸಿಗೆ ಅಥವಾ ಪಾಲಿಕಾರ್ಬೊನೇಟಿಗೆ ಅಂತ ಬರೆದದ್ದನ್ನೇ ನೋಡಿ ಕೊಳ್ಳಿ.

ಬಣ್ಣದ ಗ್ಲಾಸು ಮಳೆಗಾಲಕ್ಕೆ ಬೇಡವೇ ಬೇಡ. ಮೋಡದ ಕತ್ತಲು, ಮರದ ಕತ್ತಲು, ಮೇಲೆ ಮಂಜು. ಸಂಜೆ ಐದಕ್ಕೇ ಜಾಂಬೋಟಿಯ ಕಾಡಿನಲ್ಲಿ ರಾತ್ರಿಯಾಗಿರುತ್ತದೆ.

ಪಿನ್‌ಲಾಕ್

ದುಡ್ಡು ಹಾಕುವ ಮನಸ್ಸಿದ್ದರೆ ಹಾಕಬೇಕಾದ್ದು ಇದರ ಮೇಲೆ. ಗ್ಲಾಸಿನ ಒಳಗೆ ಇನ್ನೊಂದು ತೆಳು ಹಾಳೆ ಕೂಡಿಸುವುದು. ಸುತ್ತಲೂ ಸಿಲಿಕಾನ್ ಅಂಚು ಇರುತ್ತದೆ, ಎರಡು ಹಾಳೆಗಳ ನಡುವೆ ಗಾಳಿ ಸಿಕ್ಕಿಹಾಕಿಕೊಂಡು ಹೊರಗಿನ ತಣ್ಪು ಒಳಗಿನ ಹಾಳೆಗೆ ತಟ್ಟದಂತೆ ತಡೆಯುತ್ತದೆ. ಒಳಹಾಳೆ ಸ್ವಲ್ಪ ತೇವವನ್ನು ಹೀರಿಕೊಳ್ಳುತ್ತದೆ ಕೂಡ. ನಮ್ಮ ಬೆಚ್ಚಗಿನ ಲೆನ್ಸಿನ ಲೆಕ್ಕವೇ ಇದು.

ಕೊಳ್ಳುವ ಮುಂಚೆ ಗ್ಲಾಸಿನ ಒಳಗೆ ಎರಡೂ ಪಕ್ಕದಲ್ಲಿ ಪ್ಲಾಸ್ಟಿಕ್ ಪಿನ್ನುಗಳಿವೆಯೇ ನೋಡಿ. ಇಲ್ಲದಿದ್ದರೆ ಪಿನ್ ಇರುವ ಗ್ಲಾಸು ಬೇಕು, ಅದು ನಿಮ್ಮ ಮಾಡೆಲ್ಲಿಗೆ ಸಿಗಬೇಕು. ಹಾಕುವಾಗ ಗ್ಲಾಸನ್ನು ಸ್ವಲ್ಪ ಚಪ್ಪಟೆಯಾಗುವಂತೆ ಎರಡೂ ಕೈಯಿಂದ ಬಿಚ್ಚಿ ಹಿಡಿದು, ಒಂದು ಪಿನ್ನಿಗೆ ಸಿಕ್ಕಿಸಿ, ಆಮೇಲೆ ಇನ್ನೊಂದಕ್ಕೆ. ಕೈಬಿಟ್ಟಾಗ ಸಿಲಿಕಾನ್ ಅಂಚು ಸುತ್ತಲೂ ಗ್ಲಾಸಿಗೆ ಒತ್ತಿಕೊಂಡಿರಬೇಕು. ಎಲ್ಲಾದರೂ ಸಂದಿ ಉಳಿದರೆ ಎರಡು ಹಾಳೆಗಳ ನಡುವೆಯೇ ಮಂಜು ಹೊಕ್ಕು ಕೂಡುತ್ತದೆ, ಅದನ್ನು ಒರೆಸಲಿಕ್ಕೂ ಬರುವುದಿಲ್ಲ. ಪಿನ್ನು ನಡು ತಪ್ಪಿಸಿ ಕೂಡಿಸಿದ್ದಿರುತ್ತದೆ, ಅದನ್ನು ಸ್ವಲ್ಪ ತಿರುಗಿಸಿದರೆ ಬಿಗಿಯಾಗುತ್ತದೆ. ಅದರ ಮೇಲಿನ ರಕ್ಷಣೆಯ ಪೊರೆಯನ್ನು ಕೊನೆಗೆ ಸುಲಿಯಿರಿ. ಒದ್ದೆಯಾಗಿದ್ದಾಗ ಆ ಹಾಳೆ ಬಹಳ ಮೆತ್ತಗಾಗಿರುತ್ತದೆ, ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತದೆ. ಸೋಪು, ಸ್ಪ್ರೇ ಯಾವುದೂ ಬೇಡ. ಒದ್ದೆ ಮೆತ್ತನೆ ಬಟ್ಟೆ, ನೆರಳಿನಲ್ಲಿ ಒಣಗಿಸುವುದು, ಅಷ್ಟೇ. ರಾತ್ರಿ ಎದುರಿನ ದೀಪ ಎರಡೆರಡಾಗಿ ಕಂಡಂತೆ ಆಗುವುದುಂಟು. ನನಗೆ ರೂಢಿಯಾಗಲು ಒಂದು ವಾರ ಹಿಡಿಯಿತು. ಪಿನ್‌ಲಾಕ್ ಗ್ಲಾಸನ್ನು ಮಾತ್ರ ಕಾಯುತ್ತದೆ, ಚಸ್ಮಾಕ್ಕೆ ಸೋಪಿನ ಸೇವೆ ತಪ್ಪಿದ್ದಲ್ಲ.

ಒಳಗಿನ ಸ್ಪಂಜು ಒದ್ದೆ ಇದ್ದರೆ

ಇಷ್ಟೆಲ್ಲಾ ಮಾಡಿಯೂ ಮಂಜು ಹಿಡಿಯುತ್ತಿದೆ ಅಂದರೆ ಹೆಲ್ಮೆಟ್ಟಿನ ಒಳಗೆ ಕೆನ್ನೆಯ ಹತ್ತಿರದ ಸ್ಪಂಜು ಒತ್ತಿ ನೋಡಿ. ಬೆರಳಿಗೆ ತಣ್ಣಗೆ ತೇವ ತಾಗಿದರೆ ಕಾರಣ ಅಲ್ಲೇ ಇದೆ. ತಲೆಯ ಬಿಸಿಗೆ ಆ ನೀರೆಲ್ಲಾ ಆವಿಯಾಗುತ್ತದೆ. ಮಳೆಗಾಲದಲ್ಲಿ ನಾನು ಮನೆಗೆ ಬಂದ ಕೂಡಲೇ ಹೆಲ್ಮೆಟ್ ತಲೆಕೆಳಗು ಮಾಡಿ ಒಳಗೆ ಹಳೆ ಪೇಪರ್ ಮುದ್ದೆ ತುರುಕುತ್ತೇನೆ, ಒಂದು ತಾಸಿಗೆ ತೆಗೆದು ಹೊಸ ಪೇಪರ್, ಆಮೇಲೆ ರಾತ್ರಿ ಪೂರ್ತಿ ಫ್ಯಾನಿನ ಕೆಳಗೆ. ಬಿಚ್ಚಲು ಬರುವ ಸ್ಪಂಜಾದರೆ ವಾರಕ್ಕೊಮ್ಮೆ ಬಿಚ್ಚಿ ಒಗೆದು ಒಣಗಿಸಿ. ಒಲೆಯ ಹತ್ತಿರ, ಹೀಟರ್ ಹತ್ತಿರ ಇಡಬೇಡಿ. ಪೆಟ್ಟು ತಡೆಯುವ ಒಳಗಿನ ಥರ್ಮೋಕೋಲಿನಂಥ ಪದರ ಬಿಸಿಗೆ ಹಾಳಾಗುತ್ತದೆ. ಡ್ಯೂಟಿಯಲ್ಲಿದ್ದಾಗಲೂ ಅಷ್ಟೇ. ಮೊದಲು ಕನ್ನಡಿಗೆ ತೂಗುಹಾಕಿ ಬರುತ್ತಿದ್ದೆ, ಈಗ ಒಳಗೆ ತಂದು ಇಡುತ್ತೇನೆ.

ದಾರಿಯಲ್ಲಿ

ಗದ್ದದ ಹತ್ತಿರದ ಗಾಳಿಕಿಂಡಿ ಮಳೆಯಲ್ಲೂ ತೆರೆದಿರಲಿ, ನಾಲ್ಕು ಹನಿ ಒಳಗೆ ಬಂದರೆ ಬರಲಿ. ಗ್ಲಾಸನ್ನು ಪೂರ್ತಿ ಮುಚ್ಚದೆ ಮೊದಲ ಖಟಕಿಯ ಮೇಲೆ ಬಿಡಿ. ಬೆರಳ ದಪ್ಪದ ಸಂದಿ ಸಾಕು. ಓಡುವ ಗಾಡಿಯ ಗಾಳಿಯೇ ಆವಿ ತೆಗೆದುಕೊಂಡು ಹೋಗುತ್ತದೆ. ನಿಂತಾಗ ಆ ಗಾಳಿ ಇರುವುದಿಲ್ಲ. ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಬಿದ್ದಾಗ ನಾನು ಮೊದಲು ಮಾಡುವುದು ಗ್ಲಾಸು ಪೂರ್ತಿ ಎತ್ತಿ, ತಲೆ ಸ್ವಲ್ಪ ಬಗ್ಗಿಸುವುದು. ಗೇಟ್ ಏಳುವಾಗ ಮುಚ್ಚುವುದಿಲ್ಲ, ಗಾಡಿ ನಾಲ್ಕು ಮಾರು ಹೋದ ಮೇಲೆ ಮುಚ್ಚುತ್ತೇನೆ. ದಾರಿಯಲ್ಲಿ ಬಿಸಿ ಚಹಾ ಕುಡಿದರೆ ಬಾಯಿಯ ಬಿಸಿ ಇಳಿಯುವ ತನಕ ಎರಡು ನಿಮಿಷ ನಿಂತು ಆಮೇಲೆ ಹೆಲ್ಮೆಟ್ ಹಾಕಿ.

ಓಡುವಾಗಲೇ ಮಂಜು ಹಿಡಿದರೆ ಒರೆಸಲು ಹೋಗಬೇಡಿ. ಎರಡೂ ಕೈ ಹ್ಯಾಂಡಲ್ ಮೇಲೆಯೇ ಇರಲಿ. ಆಕ್ಸಿಲರೇಟರ್ ಬಿಟ್ಟು, ಎಡ ಇಂಡಿಕೇಟರ್ ಹಾಕಿ, ಕಾಣುತ್ತಿರುವ ಅಷ್ಟೇ ರಸ್ತೆಯ ಅಂಚು ಹಿಡಿದು ನಿಲ್ಲಿಸಿ. ನಿಂತ ಮೇಲೆ ಗ್ಲಾಸು ಎತ್ತಿ, ಚಸ್ಮಾ ತೆಗೆದು ಎದೆಯ ಕಿಸೆಗೆ ಹಾಕಿ, ನೂರು ಎಣಿಸಿ, ಒಣ ಬಟ್ಟೆಯಿಂದ ಸವರಿ ಹಾಕಿಕೊಳ್ಳಿ. ಡ್ಯೂಟಿಗೆ ಐದು ನಿಮಿಷ ತಡವಾಗುತ್ತದೆ. ಆಗಲಿ.

ಇದು ಮಳೆಗಾಲಕ್ಕೆ ಮುಗಿಯುವ ಕಥೆಯಲ್ಲ. ಡಿಸೆಂಬರ್ ಬೆಳಿಗ್ಗೆ 14 ಡಿಗ್ರಿ ಇದ್ದಾಗ ಗ್ಲಾಸಿನ ಹತ್ತಿರದ ಗಾಳಿ 12 ಗ್ರಾಂ ನೀರನ್ನಷ್ಟೇ ಹಿಡಿಯಬಲ್ಲದು, ಅಂದರೆ ಜುಲೈಗಿಂತ ಹೆಚ್ಚು ನೀರು ಗ್ಲಾಸಿಗೆ ಬೀಳುತ್ತದೆ. ಅದೇ ಹೊತ್ತಿಗೆ ನಮ್ಮ ಜಿಲ್ಲೆಯ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಎರಡೆರಡು ಟ್ರೇಲರ್, ಹಿಂದೆ ಜೋತುಬಿದ್ದ ಕಬ್ಬು, ಅದರೊಳಗೆ ಮುಚ್ಚಿಹೋದ ದೀಪ. ಹೊರಗಿನ ಮಂಜಿನಲ್ಲಿ ಅದು ಕಾಣುವುದೇ ಹತ್ತಿರ ಹೋದ ಮೇಲೆ. ಒಳಗೂ ಮಂಜು ಹಿಡಿದಿದ್ದರೆ ಕಾಣುವುದೇ ಇಲ್ಲ. ದಯವಿಟ್ಟು ಚಳಿಗಾಲದಲ್ಲೂ ಇದನ್ನೆಲ್ಲಾ ಮಾಡಿ. ಆಗ ಗದ್ದದ ಪರದೆ ಹಾಕಿಕೊಳ್ಳುವ ಆಸೆಯಾಗುತ್ತದೆ, ಬ್ರೆತ್ ಗಾರ್ಡ್ ಸರಿಯಾಗಿ ಕೂತಿದ್ದರೆ ಮಾತ್ರ ಹಾಕಿ.

ಹೊರಡುವ ಮುಂಚೆ ಹೊಸ್ತಿಲಲ್ಲಿ ಒಂದು ಪರೀಕ್ಷೆ ಮಾಡುತ್ತೇನೆ. ಪಿನ್‌ಲಾಕ್ ಹಾಕದ, ಸೋಪು ಹಚ್ಚಿದ ಗ್ಲಾಸಾದರೆ ಅದನ್ನು ಬಾಯಿಯ ಹತ್ತಿರ ಹಿಡಿದು "ಹಾ" ಅಂತ ಉದ್ದಕ್ಕೆ ಉಸಿರು ಬಿಡುವುದು, ಎಡಕ್ಕೊಮ್ಮೆ, ನಡುವೆ ಒಮ್ಮೆ, ಬಲಕ್ಕೊಮ್ಮೆ. ಪದರ ಸರಿಯಾಗಿದ್ದ ಕಡೆ ನೀರು ಮಿಂಚಿ ಹರಡಿ ಆಚೆಯ ತುಳಸಿಕಟ್ಟೆ ಕಾಣುತ್ತಲೇ ಇರುತ್ತದೆ. ತಪ್ಪಿದ ಕಡೆ ರೂಪಾಯಿ ಅಗಲದ ಬಿಳಿ ಕಲೆ ಏಳುತ್ತದೆ. ಆ ಕಲೆಯ ಮೇಲಷ್ಟೇ ಬೆರಳಿನಿಂದ ಮತ್ತೊಂದು ಸಲ ಸೋಪು ಸವರಿ, ಒಣಗಲು ಬಿಟ್ಟು, ಅಷ್ಟರಲ್ಲಿ ಡಬ್ಬಿ ಕಟ್ಟಿಕೊಳ್ಳುತ್ತೇನೆ. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಒಣ ಧೋತರದ ತುಂಡು, ಕಣ್ಣಿನ ಡ್ರಾಪ್ಸಿನ ಖಾಲಿ ಬಾಟಲಿಯಲ್ಲಿ ನೀರು ಬೆರೆಸಿದ ಶಾಂಪೂ ಇರುತ್ತದೆ. ಅದರ ಮೇಲೆ ಕಣ್ಣಿಗೆ ಹಾಕಬಾರದು ಅಂತ ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದು ಟೇಪು ಅಂಟಿಸಿದ್ದೇನೆ.